ಮುಖ ಅವರದೇ, ಅರ್ಜಿ ಯಾರದು?

ಮೊಬೈಲಿನಲ್ಲೇ ಖಾತೆ ತೆರೆಯಲು ಬರುವವರ ಗುರುತನ್ನು ಪರಿಶೀಲಿಸುವುದು ಮುಂಬೈಯ ನಮ್ಮ ಬ್ಯಾಂಕಿನ ಒಂದು ವಿಭಾಗದ ಕೆಲಸ. ಒಪ್ಪಲೂ ಆಗದೆ ತಳ್ಳಲೂ ಆಗದೆ ಯಂತ್ರ ಕೈಬಿಟ್ಟ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಅಂಥ ಒಂದು ಅರ್ಜಿಯ ಪೂರ್ತಿ ವಿವರ ಇಲ್ಲಿದೆ. ಅರ್ಜಿದಾರರ ಹೆಸರನ್ನು ಹೇಳುವುದಿಲ್ಲ. ಅವರನ್ನು ಗುರುತು ಹಿಡಿಯಬಹುದಾದ ಕೆಲವು ಸಂಗತಿಗಳನ್ನು ಮರೆಮಾಚಿದ್ದೇನೆ.

ಅರ್ಜಿ

ಅರ್ಜಿದಾರರು ಅರುವತ್ತೈದು ದಾಟಿದವರು. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಅಡುಗೆಮನೆಯ ಮುಖ್ಯಸ್ಥರಾಗುವವರೆಗೆ ದುಡಿದು, ಈಗ ಡೊಂಬಿವಲಿಯ ಚಾಳೊಂದರಲ್ಲಿ ಇರುವವರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಅರ್ಜಿಯಲ್ಲಿ ಇದ್ದದ್ದು ಇಷ್ಟೇ: ಉದ್ಯೋಗ ‘ವ್ಯಾಪಾರ’, ಬೇಕಾದದ್ದು ಪೂರ್ಣ ಪ್ರಮಾಣದ ಉಳಿತಾಯ ಖಾತೆ, ವರ್ಷಕ್ಕೆ ನಿರೀಕ್ಷಿಸುವ ವಹಿವಾಟು ಪಟ್ಟಿಯಲ್ಲಿದ್ದ ಅತಿ ದೊಡ್ಡ ಮೊತ್ತ. ಈ ಕೊನೆಯ ಸಾಲನ್ನು ಯಾರೂ ಗಮನಿಸಲಿಲ್ಲ. ಗುರುತಿನ ಪರೀಕ್ಷೆ ಮುಗಿಯುವವರೆಗೆ ಅದನ್ನು ಓದುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಪೂರ್ಣ ಪ್ರಮಾಣದ ಖಾತೆ ಎಂಬುದು ಇಲ್ಲಿ ಮುಖ್ಯ. ಆಧಾರ್ ಒಟಿಪಿ ಒಂದನ್ನೇ ನಂಬಿ, ಎದುರುಬದುರು ಆಗದೆ ತೆರೆದ ಖಾತೆಗೆ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿದೆ. ಅದರಲ್ಲಿ ಒಟ್ಟು ಶಿಲ್ಕು 1 ಲಕ್ಷ ರೂಪಾಯಿ ಮೀರುವಂತಿಲ್ಲ, ಹಣಕಾಸು ವರ್ಷವೊಂದರಲ್ಲಿ ಜಮೆಯಾಗುವ ಮೊತ್ತ 2 ಲಕ್ಷ ಮೀರುವಂತಿಲ್ಲ, ವರ್ಷದೊಳಗೆ ಪೂರ್ತಿ ಗುರುತು ಪರಿಶೀಲನೆ ಆಗದಿದ್ದರೆ ಖಾತೆ ಮುಂದುವರಿಯುವಂತಿಲ್ಲ. ಈ ಮಿತಿಗಳಿಲ್ಲದ ಖಾತೆ ಬೇಕಿದ್ದರೆ ಒಂದೋ ಶಾಖೆಗೆ ಬರಬೇಕು, ಇಲ್ಲವೇ ವೀಡಿಯೊ ಕರೆಯಲ್ಲಿ ಬ್ಯಾಂಕಿನ ಅಧಿಕಾರಿಯ ಎದುರು ಕೂರಬೇಕು. ವೀಡಿಯೊ ಪದ್ಧತಿಗೆ ಅನುಮತಿ ಸಿಕ್ಕಿದ್ದು 2020ರ ಜನವರಿಯಲ್ಲಿ, 2016ರ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ನಿರ್ದೇಶನಕ್ಕೆ ಮಾಡಿದ ತಿದ್ದುಪಡಿಯಿಂದ. ಕೊರೊನಾ ಎರಡನೆಯ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ಅದನ್ನು ಇನ್ನಷ್ಟು ವಿಸ್ತರಿಸಲಾಯಿತು. ಸಣ್ಣ ಖಾತೆ ಸಾಕು ಎನ್ನುವವರು ಸಾಮಾನ್ಯವಾಗಿ ವೀಡಿಯೊ ಕರೆಯ ತಾಪತ್ರಯಕ್ಕೆ ಬರುವುದಿಲ್ಲ. ಬಾಡಿಗೆ ಖಾತೆ, ಅಂದರೆ ವಂಚನೆಯ ದುಡ್ಡು ಸಾಗಿಸಲು ಇನ್ನೊಬ್ಬರ ಹೆಸರಿನ ಖಾತೆ, ಹುಡುಕುವವರಿಗೆ ಮಾತ್ರ ಸಣ್ಣ ಖಾತೆಯಿಂದ ಏನೂ ಆಗುವುದಿಲ್ಲ.

ಮೂರು ಕೆಂಪು ಗುರುತು

ಗುರುತಿನ ಚೀಟಿ ಮತ್ತು ಸೆಲ್ಫಿಯ ಪರೀಕ್ಷೆ ಕೇಳುವುದು ಮೂರೇ ಪ್ರಶ್ನೆ. ದಾಖಲೆ ಅಸಲಿಯೇ? ಕ್ಯಾಮೆರಾದ ಮುಂದಿರುವುದು ಜೀವಂತ ಮನುಷ್ಯನೇ, ಇಲ್ಲವೇ ಹಿಡಿದು ತೋರಿಸಿದ ಭಾವಚಿತ್ರವೋ ಮೊದಲೇ ಚಿತ್ರೀಕರಿಸಿದ ವೀಡಿಯೊವೋ? ಆ ಮನುಷ್ಯನೂ ದಾಖಲೆಯಲ್ಲಿರುವವನೂ ಒಬ್ಬನೇ? ನಮ್ಮ ಅರ್ಜಿದಾರರು ಮೊದಲನೆಯದರಲ್ಲಿ ಅರ್ಧ, ಎರಡು ಮತ್ತು ಮೂರನೆಯದರಲ್ಲಿ ಪೂರ್ತಿ ಸಿಕ್ಕಿಬಿದ್ದಿದ್ದರು.

ಹೆಸರಿನಿಂದ ಶುರುಮಾಡುತ್ತೇನೆ, ಏಕೆಂದರೆ ಮುಂಬೈಯಲ್ಲಿ ತುಳುನಾಡಿನವರ ಕಡತ ತೆರೆದರೆ ಮೊದಲ ಜಗಳವೇ ಹೆಸರಿನದು. ಊರಿನ ಶಾಲೆಯಲ್ಲಿ ಇವರ ಹೆಸರಿನ ಮುಂದೆ ತಂದೆಯ ಹೆಸರಿನ ಒಂದಕ್ಷರ, ಹಿಂದೆ ಕುಲನಾಮ. ಮಹಾರಾಷ್ಟ್ರದ ಕ್ರಮದಲ್ಲಿ ಸ್ವಂತ ಹೆಸರು, ತಂದೆಯ ಪೂರ್ತಿ ಹೆಸರು, ಆಮೇಲೆ ಕುಲನಾಮ. ಆಧಾರ್ ಆಗಿದ್ದು ಡೊಂಬಿವಲಿಯಲ್ಲಿ, ಹಾಗಾಗಿ ಅದರಲ್ಲಿ ಮಹಾರಾಷ್ಟ್ರದ ಕ್ರಮ. ಪ್ಯಾನ್ ಕಾರ್ಡ್ ಮಾಡಿಸಿದ್ದು ಎಷ್ಟೋ ವರ್ಷ ಹಿಂದೆ ಹೋಟೆಲಿನ ಲೆಕ್ಕ ಬರೆಯುವವರು. ಅವರು ಆ ಒಂದಕ್ಷರವನ್ನು ಬಿಡಿಸಿ ಬರೆದು, ಕುಲನಾಮವನ್ನು ನಡುವೆ ತಂದು, ತಂದೆಯ ಹೆಸರನ್ನೇ ಕೊನೆಗೆ ಇಟ್ಟಿದ್ದರು. ಮೇಲಾಗಿ ಪೂಜಾರಿ ಎಂಬ ಒಂದು ಕುಲನಾಮವನ್ನೇ ಇಂಗ್ಲಿಷಿನಲ್ಲಿ ಎರಡು ‘ಓ’ ಹಾಕಿ ಬರೆಯುವವರಿದ್ದಾರೆ, ಒಂದು ‘ಯು’ ಹಾಕುವವರಿದ್ದಾರೆ, ಕೊನೆಯಲ್ಲಿ ‘ವೈ’ ಬೇಕೆನ್ನುವವರೂ ‘ಐ’ ಸಾಕೆನ್ನುವವರೂ ಇದ್ದಾರೆ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನೆತನದವರು.

ಇದನ್ನು ಬಿಡಿಸಲು ಪ್ಯಾನ್ ಸಂಖ್ಯೆಯೇ ನೆರವಿಗೆ ಬಂತು. ಹತ್ತು ಅಕ್ಷರ-ಅಂಕಿಗಳ ಆ ಸಂಖ್ಯೆಯಲ್ಲಿ ನಾಲ್ಕನೆಯದು ‘ಪಿ’ ಎಂದಿದ್ದರೆ ಕಾರ್ಡು ವ್ಯಕ್ತಿಯದು, ಕಂಪನಿಯದಲ್ಲ. ಐದನೆಯ ಅಕ್ಷರ ಆ ವ್ಯಕ್ತಿಯ ಹೆಸರಿನ ಕೊನೆಯ ಭಾಗದ ಮೊದಲಕ್ಷರ. ಆಮೇಲೆ ಹೆಸರು ತಿದ್ದಿಸಿಕೊಂಡರೂ ಸಂಖ್ಯೆ ಬದಲಾಗುವುದಿಲ್ಲ. ಮದುವೆಯಾದ ಮೇಲೆ ಕುಲನಾಮ ಬದಲಿಸಿದ ಹೆಂಗಸರ ಪ್ಯಾನ್‌ನಲ್ಲಿ ತವರಿನ ಅಕ್ಷರ ಹಾಗೆಯೇ ಕುಳಿತಿರುವುದು ಇದರಿಂದಲೇ. ಇವರ ಸಂಖ್ಯೆಯಲ್ಲಿ ಐದನೆಯ ಅಕ್ಷರ ಕುಲನಾಮದ್ದಾಗಿರಲಿಲ್ಲ, ತಂದೆಯ ಹೆಸರಿನದಾಗಿತ್ತು. ಅಲ್ಲಿಗೆ ಲೆಕ್ಕ ಬರೆಯುವವರ ಕೈಚಳಕ ಖಚಿತವಾಯಿತು. ಎರಡು ಕಾರ್ಡುಗಳಲ್ಲೂ ಮೂರೂ ಹೆಸರುಗಳಿದ್ದವು, ಸ್ಥಾನ ಮಾತ್ರ ಬೇರೆ.

ಜನ್ಮದಿನಾಂಕ ಎರಡರಲ್ಲೂ ಜೂನ್ 1. ಇದನ್ನು ಯಂತ್ರ ಎತ್ತಿ ಹಿಡಿಯಲಿಲ್ಲ, ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಒಬ್ಬರು ಹಿಡಿದರು. ಕರಾವಳಿಯ ಹಿರಿಯರಲ್ಲಿ ಇಷ್ಟೊಂದು ಮಂದಿ ಜೂನ್ ಒಂದರಂದೇ ಹುಟ್ಟಿರುವುದು ಅವರಿಗೆ ಯಾವುದೋ ನಕಲಿ ಕಾರ್ಖಾನೆಯ ಸುಳಿವಿನಂತೆ ಕಂಡಿತು. ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ತಾವೇ ಜನ್ಮದಿನ ದಯಪಾಲಿಸುತ್ತಿದ್ದ ಕಾಲವನ್ನು ನಾನು ವಿವರಿಸಬೇಕಾಯಿತು.

ಮುಖದ ಹೊಂದಾಣಿಕೆಗೆ ಯಂತ್ರ ಕೊಟ್ಟ ಅಂಕ, ಪಾಸಾಗಲು ನಾವು ಎಳೆದಿರುವ ಗೆರೆಗಿಂತ ಕೆಳಗಿತ್ತು. ದೇಶದ ಮೊದಲ ಆಧಾರ್ ಸಂಖ್ಯೆಗಳನ್ನು ಹಂಚಿದ್ದು ಮಹಾರಾಷ್ಟ್ರದಲ್ಲಿ: 2010ರ ಸೆಪ್ಟೆಂಬರ್ 29ರಂದು, ನಂದುರ್‌ಬಾರ್ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ. ಹಾಗಾಗಿ ಈ ರಾಜ್ಯದಲ್ಲಿ ಅನೇಕರ ಆಧಾರ್ ಭಾವಚಿತ್ರಗಳಿಗೂ ವಯಸ್ಸಾಗಿದೆ. ಆನ್‌ಲೈನ್ ಪರಿಶೀಲನೆಗೆ ನಮಗೆ ಸಿಗುವುದು ಕಾರ್ಡಿನ ಮೇಲಿನ ಮುದ್ರಿತ ಚಿತ್ರವಲ್ಲ, ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿಯಿರುವ ಕಡತದೊಳಗಿನ ಚಿತ್ರ. ಅದರಲ್ಲಿ ಕೈಚಳಕ ಮಾಡಲು ಬರುವುದಿಲ್ಲ, ಆದರೆ ಅದು ಅಂಚೆಚೀಟಿಯಷ್ಟು ಸಣ್ಣದು. ಇವರ ಚಿತ್ರದಲ್ಲಿ ಕಪ್ಪು ಕೂದಲು, ದಪ್ಪ ಮೀಸೆ, ತುಂಬಿದ ಕೆನ್ನೆ. ಸೆಲ್ಫಿಯಲ್ಲಿ ಮೀಸೆಯಿಲ್ಲ, ಮುಂದಿನ ಹಲ್ಲುಗಳಿಲ್ಲ, ಕೆನ್ನೆ ಒಳಗೆ ಹೋಗಿದೆ. ಕಿವಿಯ ಆಕಾರ, ಹುಬ್ಬಿನ ನಡುವಿನ ಗಾಯದ ಗುರುತು ಮಾತ್ರ ಎರಡರಲ್ಲೂ ಒಂದೇ. ಮನುಷ್ಯನ ಕಣ್ಣಿಗೆ ಇಷ್ಟು ಸಾಕು.

ಹಿರಿಯರ ಮಟ್ಟಿಗೆ ಈ ಗೆರೆಯನ್ನು ಸ್ವಲ್ಪ ಇಳಿಸಿಬಿಡೋಣ ಎಂಬ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ 2019ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಇಬ್ಬರನ್ನು ಒಬ್ಬರೇ ಎಂದು ಒಪ್ಪಿಬಿಡುವ ತಪ್ಪು ವೃದ್ಧರಲ್ಲಿ, ಮಕ್ಕಳಲ್ಲಿ ಮತ್ತು ಹೆಂಗಸರಲ್ಲಿ ಹೆಚ್ಚು ಎಂದು ಕಂಡುಬಂದಿತ್ತು. ಅಂದರೆ ಅಜ್ಜನನ್ನು ಅಜ್ಜನೆಂದು ಗುರುತಿಸಲು ಗೆರೆ ಇಳಿಸಿದರೆ ಅಜ್ಜನ ತಮ್ಮನೂ ಒಳಗೆ ಬರುತ್ತಾನೆ. ಗೆರೆ ಇದ್ದಲ್ಲಿಯೇ ಇರಲಿ, ಅದರ ಕೆಳಗೆ ಬಿದ್ದವರನ್ನು ಮನುಷ್ಯರು ನೋಡಲಿ ಎಂಬುದು ನನ್ನ ವಾದ. ಇದಕ್ಕೆ ಸಂಬಳ ಕೊಡಬೇಕಾಗುತ್ತದೆ ಎಂಬುದೊಂದೇ ಇದರಲ್ಲಿರುವ ದೋಷ.

ಮೂರನೆಯ ಕೆಂಪು ಗುರುತು ಕಣ್ಣಿನದು. ಪರದೆಯ ಮೇಲೆ ‘ಕಣ್ಣು ಮಿಟುಕಿಸಿ’ ಎಂದು ಬಂದಾಗ ಇವರು ಮಿಟುಕಿಸಿದ್ದರು, ಯಂತ್ರಕ್ಕೆ ತಿಳಿಯಲಿಲ್ಲ. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನೊಂದರ ರೆಪ್ಪೆ ಅರ್ಧಕ್ಕೆ ಜಾರಿತ್ತು. ತೆರೆದ ಕಣ್ಣಿಗೂ ಮುಚ್ಚಿದ ಕಣ್ಣಿಗೂ ಇರುವ ಅಂತರವನ್ನು ಅಳೆಯುವ ಯಂತ್ರಕ್ಕೆ ಅಂತರವೇ ಸಿಗಲಿಲ್ಲ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರು ಹೂಡಿದ್ದ ಪ್ರಕರಣಗಳಲ್ಲಿ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕೆವೈಸಿ ಎಲ್ಲರಿಗೂ ಎಟುಕುವಂತೆ ಮಾಡಲು 20 ನಿರ್ದೇಶನಗಳನ್ನು ನೀಡಿತು. ಜೀವಂತಿಕೆಯ ಪರೀಕ್ಷೆಗೆ ಕಣ್ಣು ಮಿಟುಕಿಸುವುದೊಂದೇ ದಾರಿ ಆಗಬಾರದು ಎಂಬುದು ಅಲ್ಲಿ ನೇರವಾಗಿ ಬಂದ ಮಾತು. ನಮ್ಮಲ್ಲಿ ತಲೆ ತಿರುಗಿಸುವುದು, ಪರದೆಯ ಮೇಲೆ ಬಂದ ಅಂಕಿಗಳನ್ನು ಓದುವುದು ಎಂಬ ಬದಲಿಗಳು ಇವೆ. ಆದರೆ ಮೂರು ಸಲ ಮಿಟುಕಿಸಿ ಸೋತ ಮೇಲಷ್ಟೇ ಅವು ತೆರೆದುಕೊಳ್ಳುತ್ತವೆ. ಮೊದಲು ಸೋಲಿಸಿ ಆಮೇಲೆ ಬಾಗಿಲು ತೆರೆಯುವ ಈ ಕ್ರಮ ಯಾರಿಗೆ ಹೊಳೆಯಿತೋ.

ಹೀಗೆ ಮೂರಕ್ಕೂ ಸಮಾಧಾನ ಸಿಕ್ಕಿತು. ದಾಖಲೆ ಅಸಲಿ, ಮನುಷ್ಯ ಜೀವಂತ, ಮುಖ ಅವರದೇ. ಕಡತದ ಮೇಲೆ ‘ವೀಡಿಯೊ ಕರೆಗೆ ಅರ್ಹ’ ಎಂದು ಬರೆದು ಕಳುಹಿಸಿದೆ.

ಕರೆ

ಕರೆ ಮಾಡಿದ ಸಹೋದ್ಯೋಗಿ ಹುಬ್ಬಳ್ಳಿಯವಳು, ಕೆಲಸಕ್ಕೆ ಸೇರಿ ಹೆಚ್ಚು ಸಮಯವಾಗಿರಲಿಲ್ಲ. ಅರ್ಜಿಯಲ್ಲಿ ಹಿಂದಿ ಆರಿಸಿದ್ದರಿಂದ ಮಾತು ಹಿಂದಿಯಲ್ಲಿ ಶುರುವಾಯಿತು. ಪ್ರಶ್ನೆಗಳನ್ನು ಪ್ರತಿ ಕರೆಯಲ್ಲೂ ಹಿಂದುಮುಂದು ಮಾಡಿ ಕೇಳಬೇಕು, ಮೊದಲೇ ಚಿತ್ರೀಕರಿಸಿದ ವೀಡಿಯೊ ಓಡಿಸಿ ವಂಚಿಸಬಾರದು ಎಂದು ನಿಯಮವೇ ಇದೆ. ಹುಟ್ಟಿದ ದಿನ, ತಾಯಿಯ ಹೆಸರು, ವಿಳಾಸ ಎಲ್ಲವೂ ಥಟ್ಟನೆ ಬಂದವು. ‘ಏನು ಕೆಲಸ’ ಎಂದಾಗ ಅವರು ಕ್ಯಾಮೆರಾದಿಂದ ಕಣ್ಣು ತೆಗೆದು ಎಡಕ್ಕೆ ನೋಡಿದರು. ಆಮೇಲೆ, ‘ಬಿಸಿನೆಸ್.’

ಪ್ಯಾನ್ ಕಾರ್ಡನ್ನು ತೋರಿಸಲು ಹೇಳಿದಳು. ಅವರು ಎರಡೂ ಕೈಗಳಲ್ಲಿ, ಮಂಗಳಾರತಿಗೆ ಕೈಯೊಡ್ಡುವಷ್ಟು ಭಕ್ತಿಯಿಂದ ಅದನ್ನು ಎದೆಯ ಮಟ್ಟಕ್ಕೆ ಹಿಡಿದರು. ಅಕ್ಷರ ಕಾಣುತ್ತಿಲ್ಲ ಎಂದಳು. ಆಗ ಕಾರ್ಡು ಹತ್ತಿರ ಬರಲಿಲ್ಲ. ಕ್ಯಾಮೆರಾವೇ ಕಾರ್ಡಿನತ್ತ ಹೋಯಿತು. ಚಿತ್ರಮುದ್ರಿಕೆಯನ್ನು ಆಮೇಲೆ ನೋಡುವಾಗ ನಾನು ಈ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿದೆ. ಎರಡೂ ಕೈಗಳು ಚೌಕಟ್ಟಿನೊಳಗಿವೆ, ಹತ್ತೂ ಬೆರಳುಗಳನ್ನು ಎಣಿಸಬಹುದು, ಆದರೂ ಮೊಬೈಲು ಚಲಿಸುತ್ತಿದೆ.

ಮೊಬೈಲನ್ನು ಇನ್ನೊಬ್ಬರು ಹಿಡಿದುಕೊಳ್ಳುವುದು ತಪ್ಪಲ್ಲ. ಮೊಮ್ಮಗಳು ಹಿಡಿದುಕೊಂಡು ಅಜ್ಜಿ ಮಾತನಾಡುವ ಕರೆಗಳನ್ನು ನಾವು ದಿನವೂ ನೋಡುತ್ತೇವೆ. ಆದರೆ ಹೇಳಿಕೊಡುವುದಕ್ಕೆ ಅವಕಾಶವಿಲ್ಲ. ಗ್ರಾಹಕನ ಕಡೆ ಯಾರೋ ಉತ್ತರ ಹೇಳಿಕೊಡುತ್ತಿರುವುದು ಕಂಡುಬಂದರೆ ಖಾತೆ ತೆರೆಯುವ ಪ್ರಕ್ರಿಯೆಯನ್ನು ತಿರಸ್ಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಖಡಾಖಂಡಿತವಾಗಿ ಹೇಳುತ್ತದೆ. ‘ಬಿಸಿನೆಸ್’ ಎಂಬ ಉತ್ತರಕ್ಕೇ ಅವಳು ಕರೆ ಮುಗಿಸಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ನಿಯಮ ಖಾತೆಯನ್ನು ತೆರೆಯಬೇಡಿ ಎನ್ನುತ್ತದೆ, ಮಾತನ್ನು ನಿಲ್ಲಿಸಿ ಎನ್ನುವುದಿಲ್ಲ. ಅವಳು ಮಾತು ಮುಂದುವರಿಸಿದಳು, ಕನ್ನಡದಲ್ಲಿ.

“ಕಾಕಾ, ಊರು ಯಾವುದು ನಿಮ್ಮದು?”

ಚಿತ್ರಮುದ್ರಿಕೆಯಲ್ಲಿ ಅವರ ಮುಖ ಬದಲಾಗುವುದು ಸ್ಪಷ್ಟವಾಗಿ ಕಾಣುತ್ತದೆ. “ಉಡುಪಿಯ ಹತ್ತಿರ. ನೀನು ನಮ್ಮ ಕಡೆಯವಳೋ ಮಗಳೇ?”

“ನಾನು ಹುಬ್ಬಳ್ಳಿ ಕಡೆಯವಳು. ಖಾತೆ ಯಾತಕ್ಕೆ ಬೇಕಾಗಿತ್ತು ಕಾಕಾ?”

“ನನಗೆ ಯಾತಕ್ಕೆ? ನನ್ನದು ಊರಿನ ಬ್ಯಾಂಕಿನಲ್ಲಿ ಇದೆಯಲ್ಲ. ಇದು ಈ ಹುಡುಗನಿಗೆ. ಎರಡು ಸಾವಿರ ಕೊಡುತ್ತೇನೆ ಎಂದಿದ್ದಾನೆ. ಕಾರ್ಡು ಬಂದ ಮೇಲೆ ಅವನಿಗೆ ಕೊಟ್ಟರಾಯಿತಂತೆ.”

“ಅರ್ಜಿಯಲ್ಲಿ ಹಾಕಿದ ಮೊಬೈಲ್ ನಂಬರು ಯಾರದು?”

“ಅದು ಅವನದೇ. ನನ್ನದು ಬೇರೆ.”

ಪಕ್ಕದಿಂದ ಒಂದು ದನಿ, ಅಂಕಲ್ ಏನು ಕೇಳುತ್ತಿದ್ದಾರೆ ಎಂದು ಹಿಂದಿಯಲ್ಲಿ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ‘ಊರಿನ ವಿಷಯ’ ಎಂದರು ಇವರು, ಅದೇ ಸರಳತೆಯಿಂದ. ಅವಳು ಕೊನೆಗೆ ಹೇಳಿದ್ದು: “ಕಾಕಾ, ಕಾರ್ಡನ್ನೂ ನಂಬರನ್ನೂ ಬೇರೆಯವರ ಕೈಗೆ ಕೊಟ್ಟರೆ, ಆ ಖಾತೆಯಲ್ಲಿ ಯಾರ ದುಡ್ಡು ಬಂದು ಹೋದರೂ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮನ್ನು. ಈ ಖಾತೆ ಆಗುವುದಿಲ್ಲ. ನಿಮಗೇ ಬೇಕಿದ್ದರೆ ನೀವೇ ಶಾಖೆಗೆ ಬನ್ನಿ.” ಅವರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಆ ಕಡೆಯಿಂದ ಕರೆ ಕಡಿದುಹೋಯಿತು.

ನನಗೆ ಇಲ್ಲಿ ಬೆರಗು ಹುಟ್ಟಿಸುವುದು ವಂಚಕನ ಜಾಣತನವಲ್ಲ. ಅವನು ಏನನ್ನೂ ನಕಲು ಮಾಡಿರಲಿಲ್ಲ. ಮುಖವಾಡ, ಕೃತಕ ಬುದ್ಧಿಮತ್ತೆಯಿಂದ ಹೊಸೆದ ಮುಖ, ಕ್ಯಾಮೆರಾಕ್ಕೆ ಬದಲಾಗಿ ಹಳೆಯ ವೀಡಿಯೊವನ್ನು ತುರುಕುವ ತಂತ್ರ, ಇವನ್ನೆಲ್ಲ ಹಿಡಿಯಲು ನಾವು ಬಹಳ ಖರ್ಚು ಮಾಡುತ್ತೇವೆ, ಮಾಡಲೂಬೇಕು. ಅಸಲಿ ಮನುಷ್ಯ, ಅಸಲಿ ಕಾರ್ಡು, ಅಸಲಿ ಮುಖ ಎರಡು ಸಾವಿರಕ್ಕೆ ಸಿಗುವಾಗ ಅವನಿಗೆ ಆ ಖರ್ಚು ಯಾಕೆ? ಯಂತ್ರ ಆಕ್ಷೇಪಿಸಿದ್ದೆಲ್ಲ ಆ ಹಿರಿಯರ ಬದುಕಿನ ಸವೆತವನ್ನು. ಆಕ್ಷೇಪಿಸಬೇಕಾದ್ದನ್ನು ಅದಕ್ಕೆ ಕೇಳಲು ಯಾರೂ ಹೇಳಿಕೊಟ್ಟಿರಲಿಲ್ಲ.

ಆನಂತರ

ತಿರಸ್ಕಾರದ ಕಾರಣವನ್ನು ದಾಖಲಿಸುವ ಪಟ್ಟಿ ತೆರೆದರೆ ಅಲ್ಲಿದ್ದವು: ದಾಖಲೆ ಅಸ್ಪಷ್ಟ, ಮುಖ ಹೊಂದಿಕೆಯಾಗಿಲ್ಲ, ಜಾಲ ಸಂಪರ್ಕ ದುರ್ಬಲ, ಗ್ರಾಹಕರು ಕರೆಗೆ ಬಂದಿಲ್ಲ, ಇತರೆ. ‘ಮುಖ ಹೊಂದಿಕೆಯಾಗಿಲ್ಲ’ ಎಂದು ಬರೆದರೆ ಅದು ಸುಳ್ಳು, ಮೇಲಾಗಿ ಆ ಸುಳ್ಳು ಅವರ ಹೆಸರಿನಲ್ಲಿ ನಮ್ಮಲ್ಲಿ ಉಳಿದು, ನಾಳೆ ಅವರೇ ಮಗಳ ಜೊತೆ ಶಾಖೆಗೆ ಬಂದರೆ ಅಡ್ಡ ನಿಲ್ಲುತ್ತದೆ. ವೀಡಿಯೊ ಪದ್ಧತಿಯಲ್ಲಿ ನಕಲಿ ಗುರುತು ಪತ್ತೆಯಾದರೆ ಅದನ್ನು ಸೈಬರ್ ಘಟನೆ ಎಂದು ವರದಿ ಮಾಡಬೇಕು. ಇಲ್ಲಿ ಗುರುತು ನಕಲಿಯಲ್ಲ. ಕಡೆಗೆ ‘ಇತರೆ’ ಆರಿಸಿ, ಕೆಳಗೆ ಉದ್ದವಾಗಿ ಬರೆದೆವು. ಶಂಕಾಸ್ಪದ ವಹಿವಾಟಿನ ವರದಿ ಹೋಯಿತೇ ಎಂದು ಕೇಳಿದರೆ ಉತ್ತರಿಸುವಂತಿಲ್ಲ. ಅಂಥ ವರದಿಯ ಸುದ್ದಿಯನ್ನು ಹೊರಗೆ ಬಿಡುವುದನ್ನು ಅಕ್ರಮ ಹಣ ವರ್ಗಾವಣೆ ತಡೆಯ ನಿಯಮಗಳೇ ನಿಷೇಧಿಸುತ್ತವೆ.

ಆ ಮೊಬೈಲಿನ ಜಾಡು ಹಿಡಿದಾಗ ಅದರಿಂದಲೇ ಬೇರೆ ಬೇರೆ ಹೆಸರುಗಳಲ್ಲಿ ಬಂದಿದ್ದ ಅರ್ಜಿಗಳು ಸಿಕ್ಕವು. ಎಲ್ಲ ಕರೆಗಳ ಸ್ಥಳಸೂಚಿಯೂ ಕಲ್ಯಾಣದ ಒಂದೇ ಗಲ್ಲಿಯದು. ಕರೆ ಬಂದ ಜಾಗದ ಅಕ್ಷಾಂಶ-ರೇಖಾಂಶ ದಾಖಲಾಗಲೇಬೇಕು, ಆದರೆ ಗ್ರಾಹಕ ಭಾರತದೊಳಗೆ ಇದ್ದಾನೆಯೇ ಎಂದಷ್ಟೇ ನಾವು ಅದನ್ನು ನೋಡುತ್ತಿದ್ದೆವು. ಆ ಅರ್ಜಿಗಳಲ್ಲಿ ಒಂದು ಯಾವ ಕೆಂಪು ಗುರುತೂ ಇಲ್ಲದೆ ಪಾಸಾಗಿ ಖಾತೆಯೂ ಆಗಿಹೋಗಿತ್ತು. ವಯಸ್ಸು ಕಡಿಮೆ, ಹೊಸ ಭಾವಚಿತ್ರ, ಎರಡು ಕಾರ್ಡುಗಳಲ್ಲೂ ಒಂದೇ ಹೆಸರು. ಹಿಂದಿಯಲ್ಲಿ ನಡೆದ ಆ ಕರೆಯಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನಿಸಿದೆ, ಸಿಗಲಿಲ್ಲ. ಆ ಖಾತೆಯ ವಹಿವಾಟನ್ನು ತಡೆದು ಗ್ರಾಹಕನನ್ನು ಶಾಖೆಗೆ ಕರೆಸಿದ್ದಾರೆ.

ಈಗ ಕ್ರಮದಲ್ಲಿ ಕೆಲವು ಬದಲಾವಣೆಗಳಾಗಿವೆ. ಉದ್ಯೋಗ, ವಯಸ್ಸು, ನಿರೀಕ್ಷಿತ ವಹಿವಾಟು ಒಂದಕ್ಕೊಂದು ಹೊಂದದಿದ್ದರೆ ಕರೆ ಮಾಡುವವರ ಪರದೆಯ ಮೇಲೆ ಅದು ಮೊದಲೇ ಕಾಣುತ್ತದೆ. ಅರ್ಜಿಯ ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಿಸಿದ್ದಕ್ಕಿಂತ ಬೇರೆಯಾಗಿದ್ದರೆ ಕಾರಣ ಕೇಳುತ್ತೇವೆ. ನೆರವಿಗೆ ನಿಂತವರು ಚೌಕಟ್ಟಿನೊಳಗೆ ಬಂದು ಮುಖ ತೋರಿಸಿ, ಮೊಬೈಲನ್ನು ಯಾವುದಕ್ಕಾದರೂ ಒರಗಿಸಿಟ್ಟು ಹೊರಗೆ ಹೋಗಬೇಕು. ‘ಕಾರ್ಡು ಮತ್ತು ಪಿನ್ ಯಾರ ಬಳಿ ಇರುತ್ತದೆ’ ಎಂಬ ಪ್ರಶ್ನೆ ಎಲ್ಲ ಕರೆಗಳಲ್ಲೂ ಇದೆ. ಇದಕ್ಕೆ ಉತ್ತರ ಹೇಳಿಕೊಡುವುದನ್ನು ಆ ಹುಡುಗರು ಬೇಗ ಕಲಿಯುತ್ತಾರೆ, ಆಗ ಬೇರೆ ಪ್ರಶ್ನೆ ಹುಡುಕಬೇಕು.

ಭಾಷೆಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಗ್ರಾಹಕ ಆರಿಸಿದ ಭಾಷೆ ಯಾವುದೇ ಇರಲಿ, ಅವರ ಮನೆಮಾತಿನಲ್ಲಿ ಎರಡು ಪ್ರಶ್ನೆ ಕೇಳಬೇಕೆಂದು ನಾನು ಟಿಪ್ಪಣಿ ಕೊಟ್ಟೆ. ಕನ್ನಡ ಬಲ್ಲವರು ಇಡೀ ಪಾಳಿಯಲ್ಲಿ ಮೂವರೇ ಇದ್ದಾರೆ, ತುಳು ಬಲ್ಲವಳು ಒಬ್ಬಳು, ಕೊಂಕಣಿಗೆ ಯಾರೂ ಇಲ್ಲ, ಜನರನ್ನು ಎಲ್ಲಿಂದ ತರುವುದು ಎಂದು ಮೇಲಿನವರು ಕೇಳಿದರು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತಿದರೆ ಬೇಕಾದಷ್ಟು ಸಿಗುತ್ತಾರೆ ಎಂದೆ. ನೇಮಕಾತಿಯ ಕಡತ ಈಗ ಸಿಬ್ಬಂದಿ ವಿಭಾಗದಲ್ಲಿದೆ.